ಗಾಳಿಗೆ ಮುನ್ನೂರ ಮೂವತ್ತು ದಿನ

ಟಪ್, ಟಪ್, ಟಪ್. ಪಕ್ಕದ ಕೋಣೆಯಲ್ಲಿ ರವಾನೆ ಗುಮಾಸ್ತ ಇನ್ನೂ ಸಹಿಯಾಗದ ಆದೇಶದ ಪ್ರತಿಗಳಿಗೆ ಆಗಲೇ ಮೊಹರು ಒತ್ತುತ್ತಿದ್ದ. ಪ್ರತಿ ಏಟೂ ದಶಮಾಂಶದಕ್ಕನ ತಲೆಯ ಮೇಲೇ ಬಿದ್ದಂತಿತ್ತು.

ವಿದ್ಯುತ್ ದರ ನಿಗದಿ ಮಾಡುವ ಆ ಕಚೇರಿಯಲ್ಲಿ ಅವಳಿಗೆ ಈ ಹೆಸರು ಬಂದು ಇಪ್ಪತ್ತು ವರ್ಷವಾಗಿತ್ತು. ಲೆಕ್ಕದ ಚುಕ್ಕಿ ಅತ್ತಿತ್ತ ಸರಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಈ ಕೆಲಸಕ್ಕೆ ಕವಡೆ ಕಾಸಿನ ಕಿಮ್ಮತ್ತಿಲ್ಲ. “ಅತ್ತಿಗೆ, ಬೀಸೋ ಗಾಳಿಗೂ ರೇಟ್ ಕಟ್ತೀರಂತೆ? ಉಸಿರಾಡೋಕೆ ಮೀಟರ್ ಯಾವಾಗ ಹಾಕ್ತೀರಾ?” ಎಂದು ನಾದಿನಿ ಬೆಳಿಗ್ಗೆ ಪಾತ್ರೆ ತೊಳೆಯುತ್ತಲೇ ಕೆಣಕಿದ್ದಳು.

“ಮೊದ್ಲು ನಿನ್ನ ಬಾಯಿಗೆ ಹಾಕ್ತೀನಿ, ಇರು,” ಎಂದು ಇವಳು ಚಪ್ಪಲಿ ಮೆಟ್ಟಿದ್ದಳು.

ಗುಡ್ಡದ ಮೇಲಿನ ನಲವತ್ತು ಮನೆಯವರು ಸೇರಿ ವಿದ್ಯುತ್ತಿಗಾಗಿ ಏಳು ಗಾಳಿಯಂತ್ರ ಹಾಕಿಸಿದ್ದರು. ಅವರು ಮಾರುವ ಯೂನಿಟ್ಟಿಗೆ ಎಷ್ಟು ಕೊಡಬೇಕೆಂದು ದರ ಆಯೋಗ ಇಂದೇ ಮಧ್ಯಾಹ್ನ ಬಹಿರಂಗ ವಿಚಾರಣೆ ನಡೆಸಿ ತೀರ್ಮಾನಿಸಲಿತ್ತು. ಕರಡಿನಲ್ಲಿದ್ದ ದರ ಮೂರು ರೂಪಾಯಿ. ಅದರಲ್ಲಿ ರಿಪೇರಿಯ ಖರ್ಚೂ ಹುಟ್ಟದು. ವರ್ಷದೊಳಗೆ ಏಳೂ ನಿಂತುಹೋಗುತ್ತವೆ.

ಮೂರು ಬಂದದ್ದು ಹೀಗೆ. ಆ ಕಚೇರಿಯಲ್ಲಿ ಹೊಸ ಆದೇಶವನ್ನು ಯಾರೂ ಹೊಸದಾಗಿ ಬರೆಯುವುದಿಲ್ಲ. ಹಳೆಯದನ್ನು ತೆರೆದು ಹೆಸರು, ತಾರೀಕು ಬದಲಿಸುತ್ತಾರೆ. ಈ ಸಲ ತೆರೆದದ್ದು ಕಲ್ಲಿದ್ದಲಿನ ಸ್ಥಾವರದ ಆದೇಶ. ‘ಕಲ್ಲಿದ್ದಲು’ ಇದ್ದಲ್ಲೆಲ್ಲ ‘ಗಾಳಿ’ ಎಂದಾಯಿತು. ಯಂತ್ರ ವರ್ಷಕ್ಕೆ ಮುನ್ನೂರ ಮೂವತ್ತು ದಿನ ಓಡುತ್ತದೆ ಎಂಬ ಸಾಲು ಹಾಗೇ ಉಳಿಯಿತು. ಹೆಚ್ಚು ದಿನ ಓಡಿದರೆ ಹೆಚ್ಚು ಯೂನಿಟ್, ಯೂನಿಟ್ಟಿಗೆ ಕಡಿಮೆ ದರ. ಗುಡ್ಡದಲ್ಲಿ ಯಂತ್ರ ತಿರುಗುವಷ್ಟು ಗಾಳಿ ಇನ್ನೂರು ದಿನ ಮಾತ್ರ. ಇದನ್ನು ತೋರಿಸಿ ದಶಮಾಂಶದಕ್ಕ ಮೇಲಧಿಕಾರಿಗೆ ಮೂರು ಸಲ ಟಿಪ್ಪಣಿ ಬರೆದಿದ್ದಳು. ಮೂರು ಸಲವೂ ‘ನೋಡಿದೆ’ ಎಂದು ವಾಪಸು ಬಂದಿತ್ತು.

ಈಗ ಅವಳು ಮೇಲಧಿಕಾರಿಯ ಮೇಜಿನೆದುರೇ ಕುರ್ಚಿ ಎಳೆದು ಕೂತಳು.

“ಸಾರ್, ಗಾಳಿ ಮುನ್ನೂರ ಮೂವತ್ತು ದಿನ ಬೀಸಲ್ಲ.”

“ಯಾರು ಹೇಳಿದ್ದು?”

“ಗಾಳಿನೇ ಹೇಳಿದ್ದು. ಮೂರು ವರ್ಷದ ಅಳತೆ ಇಲ್ಲಿದೆ.”

“ಗಾಳಿ ಪುಕ್ಕಟೆ ಅಲ್ವಾ ಮೇಡಂ?”

“ಗಾಳಿ ಪುಕ್ಕಟೆ, ಕಂಬ ಪುಕ್ಕಟೆನಾ? ಆರನೇ ಪುಟ ಓದಿ ಸಾರ್. ‘ಗಾಳಿಯನ್ನು ಮಳೆಗೆ ನೆನೆಯದಂತೆ ಶೇಖರಿಸಿಡತಕ್ಕದ್ದು’ ಅಂತಿದೆ!”

ಅವರು ಓದಿ ಕೆಮ್ಮಿದರು. “ಅದನ್ನ ಹೊಡೆದುಹಾಕೋಣ.”

“ದಿನದ ಲೆಕ್ಕ?”

“ಪ್ರತಿಗಳೆಲ್ಲ ರೆಡಿ ಇವೆಯಲ್ಲ... ಸರಿ, ನಿಮ್ಮ ಮಾತೂ ಉಳೀಲಿ. ರೇಟ್ ನಾಲ್ಕು ಮಾಡೋಣ.”

“ಇದೇನ್ ಸೊಪ್ಪಿನ ವ್ಯಾಪಾರಾನಾ? ನಾಲ್ಕಾದ್ರೆ ಗುಡ್ಡದವ್ರು ಮುಳುಗ್ತಾರೆ. ಐದಾದ್ರೆ ಬಿಲ್ ಕಟ್ಟೋರಿಗೆ ಮೋಸ. ಇನ್ನೂರು ದಿನಕ್ಕೆ ಸರಿಯಾದ ಲೆಕ್ಕ ನಾಲ್ಕು ಪಾಯಿಂಟ್ ಒಂಬತ್ತು ಐದು.”

“ಮುಂದಿನ ವರ್ಷ ನೋಡೋಣ ಬಿಡಿ.”

ಗಾಜಿನ ಬಾಗಿಲಾಚೆ, ಸಭಾಂಗಣದ ಬೆಂಚಿನಲ್ಲಿ ಗುಡ್ಡದವರು ಒತ್ತಿಕೊಂಡು ಕೂತಿದ್ದರು. ಅವರಲ್ಲೊಬ್ಬಾಕೆ ಕನ್ನಡಕ ಒರೆಸಿಕೊಂಡು ಕರಡಿನ ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದಳು, ಓದಿದರೆ ಅಂಕಿ ಬದಲಾದೀತು ಎಂಬಂತೆ.

ದಶಮಾಂಶದಕ್ಕ ಆರನೇ ಪುಟವನ್ನೂ ತನ್ನ ಲೆಕ್ಕದ ಹಾಳೆಯನ್ನೂ ಎತ್ತಿಕೊಂಡಳು.

“ಎಲ್ಲಿಗೆ? ಆಯೋಗದ ಮುಂದೆ ಸಿಬ್ಬಂದಿ ಮಾತಾಡೋ ಹಾಗಿಲ್ಲ.”

“ಬಿಲ್ ಕಟ್ಟೋರು ಯಾರು ಬೇಕಾದ್ರೂ ಮಾತಾಡ್ಬಹುದು ಅಂತ ನೋಟಿಸ್ ಬರೆದವಳೇ ನಾನು. ತಿಂಗಳು ತಿಂಗಳೂ ಬಿಲ್ ಕಟ್ತೀನಿ ಸಾರ್.”

“ಹಾಗಲ್ಲ ಮೇಡಂ, ಸ್ವಲ್ಪ ಕೇಳಿ, ನಿಯಮ ಏನು ಹೇಳುತ್ತೆ ಅಂದ್ರೆ, ನೌಕರರಾದವರು...”

ಅವಳು ಆಗಲೇ ಬಾಗಿಲು ದೂಡಿ ಬೆಂಚುಗಳ ನಡುವೆ ನಡೆಯುತ್ತಿದ್ದಳು.