ಏಳು ತಲೆಮಾರಿನ ಸಾಕ್ಷಿ

ಅಲ್ಮಾಟಿಯ ಒಂದು ಆನ್‌ಲೈನ್ ಸಂತೆಯಲ್ಲಿ ಅಕ್ಮರಾಲಳ ಕೆಲಸ ಇಷ್ಟೇ: ಮಾರುವವರ ಗುರುತುಪತ್ರ ನೋಡಿ ಹೆಸರಿನ ಪಕ್ಕ ಹಸಿರು ಗುರುತು ಹಾಕುವುದು. ಜಪ್ಪಯ್ಯ ಅಂದರೂ ಬಿಡುವವಳಲ್ಲ. ಪತ್ರವಿಲ್ಲವೆಂದು ಸ್ವಂತ ಭಾವನ ಹಳೇ ಕಾರಿನ ಮಾರಾಟವನ್ನೇ ತಡೆದಿದ್ದಳು. ಪತ್ರ ನೋಡದೆ ಗುರುತು ಹಾಕಿ ಮೋಸವಾದರೆ ಹೋದ ಹಣವನ್ನು ಸಂತೆಯೇ ತುಂಬಬೇಕೆಂದು ಕಾನೂನು ಬಂದಿತ್ತು.

ಅಂಥವಳು ಜಾರಿದ್ದು ಒಂದು ಫೋನಿಗೆ. ಚಳಿಗಾಲದ ಕುದುರೆಮಾಂಸ ಮಾರುವವನೊಬ್ಬ, "ಪತ್ರ ಊರಲ್ಲಿದೆ ಅಕ್ಕ, ನಾಳೆ ಕಳಿಸ್ತೀನಿ. ನೀವು ಯಾರ ಪೈಕಿ?" ಎಂದ. ಅವಳು ತಾಯಿಯ ಕುಲ ಹೇಳಿದಳು. ಸ್ವಲ್ಪ ಹೊತ್ತಿಗೆ ಅವನೇ ಮತ್ತೆ ಫೋನು ಮಾಡಿ, ಅಲ್ಲಿನವರೆಲ್ಲ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡುವಂತೆ, ತನ್ನ ಏಳು ತಲೆಮಾರಿನ ಹಿರಿಯರ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸಿದ. ಅದರಲ್ಲಿ ಅವಳಮ್ಮನ ಮುತ್ತಜ್ಜನೂ ಇದ್ದ.

"ಹಂಗಾದ್ರೆ ನೀನು ನಮ್ಮ ತಾಯಿ ಕಡೆಯವನು ಕಣಪ್ಪ" ಎಂದವಳೇ ಗುರುತು ಒತ್ತಿದಳು. ಕುಲದ ಹೆಸರುಗಳು ಹುಡುಕಿದವರಿಗೆಲ್ಲ ಸಿಗುತ್ತವೆಂದು ಆ ಜಾಣೆಗೆ ಹೊಳೆಯಲೇ ಇಲ್ಲ. ಪತ್ರ ಬರಲಿಲ್ಲ. ತಾಯಿಯ ತವರಿನವನನ್ನು ಎರಡನೇ ಸಲ ಕೇಳುವುದು ಹೇಗೆಂದು ಸುಮ್ಮನಾದಳು. ಅವನು ಜನರಿಂದ ಮುಂಗಡ ಹಣ ತಗೊಂಡು ಕಣ್ಮರೆಯಾದ.

"ಪತ್ರ ನೋಡಿದ್ರಿ ತಾನೆ?" ಎಂದು ಮೇಲಿನವರು ಕೇಳಿದರು.

"ನೋಡಿದ್ದೆ ಸಾರ್."

ಆ ಒಂದು ಮಾತಿಗೆ ಅವಳ ಕೆಲಸ ಉಳಿಯಿತು, ದೂರು ಕೊಟ್ಟವರಿಗೆಲ್ಲ ಹಣ ವಾಪಸಿಲ್ಲವೆಂದು ಉತ್ತರ ಹೋಯಿತು. ಅಂದಿನಿಂದ ಅವಳಿಗೆ ಅನ್ನ ನೀರು ಸೇರುತ್ತಿರಲಿಲ್ಲ.

ಪಕ್ಕದ ಮನೆಯ ಕುಲ್ಯಾಶಜ್ಜಿ ಪ್ರತಿ ಚಳಿಗಾಲವೂ ತಾನು ಕೊಂಡ ಕುದುರೆಮಾಂಸದಲ್ಲಿ ಅಕ್ಮರಾಲಳ ಪಾಲನ್ನು ಎತ್ತಿಟ್ಟು ಕರೆಯುವವಳು. ಈ ಸಲ ಒಂದು ತಟ್ಟೆ ಕರಿದ ರೊಟ್ಟಿ ಹಿಡಿದು ತಾನೇ ಬಂದಳು.

"ನಿನ್ನ ಪಾಲು ಇಡಕ್ಕಾಗ್ಲಿಲ್ಲ ಮಗಳೇ, ಬೇಜಾರು ಮಾಡ್ಕೋಬೇಡ. ದುಡ್ಡು ಕಟ್ಟಿದ್ದೆ, ಮಾಂಸ ಬರ್ಲಿಲ್ಲ. ಹಸಿರು ಗುರುತಿತ್ತು ನೋಡು, ನಮ್ಮ ಅಕ್ಮರಾಲ್ ಸುಮ್ನೆ ಹಾಕೋಳಲ್ಲ ಅಂತ ಎದುರುಮನೆಯವ್ರ ಕೈಲೂ ನಾನೇ ಕಟ್ಟಿಸ್ದೆ."

ಅಕ್ಮರಾಲಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಾನು ಪತ್ರ ನೋಡೇ ಇಲ್ಲ ಅಜ್ಜಿ. ನೋಡಿದೀನಿ ಅಂತ ಸುಳ್ಳು ಹೇಳ್ದೆ."

ಅಜ್ಜಿ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ನಿಜ ಹೇಳಿದ್ರೆ?"

"ನಿಮ್ಮ ದುಡ್ಡು ಬರುತ್ತೆ. ನನ್ನ ಕೆಲಸ ಹೋಗುತ್ತೆ."

ಬೇಡ ಬಿಡು ಮಗಳೇ ಎಂದು ಅಜ್ಜಿ ಅನ್ನಬಹುದೆಂದು ಅಕ್ಮರಾಲ್ ಕಾದಳು. ಹಾಗೆ ಕಾದದ್ದಕ್ಕೇ ಅವಳಿಗೆ ಇನ್ನಷ್ಟು ನಾಚಿಕೆಯಾಯಿತು.

ಅಜ್ಜಿ ಶಾಲು ಹೊದ್ದುಕೊಂಡಳು.

"ಆಫೀಸಿಗೆ ನಾಳೆ ಹೇಳುವಂತೆ. ಮೊದ್ಲು ಎದುರುಮನೆಗೆ ಬಾ. ಅವ್ರು ನಂಬಿದ್ದು ಗುರುತನ್ನಲ್ಲ, ನಿನ್ನ ಹೆಸರನ್ನ."