ತಂತಿ ಮೇಷ್ಟ್ರು

ನಮ್ಮ ಯಜಮಾನರಿಗೆ ಗಿರಾಕಿಗಳು ಇಟ್ಟ ಹೆಸರು ತಂತಿ ಮೇಷ್ಟ್ರು. ಅವರು ಪಾಠ ಹೇಳಿದ್ದು ಯಾವ ಶಾಲೆಯಲ್ಲೂ ಅಲ್ಲ, ನಮ್ಮ ಸೈಕಲ್ ಅಂಗಡಿಯಲ್ಲಿ. ಕೆಳಗೆ ಅಂಗಡಿ, ಮೇಲೆ ಮನೆ. ಒಲೆ ಮುಂದೆ ನಿಂತ ನನ್ನ ಕಿವಿಗೂ ಆ ಪಾಠ ಮದುವೆಯಾದಾಗಿನಿಂದ ಬೀಳುತ್ತಲೇ ಇದೆ. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ರೇಸ್ ಸೈಕಲ್ಲಿನ ಗೇರು, ಚೈನು, ಬ್ರೇಕು, ಹ್ಯಾಂಡಲ್ ಮೇಲಿನ ಲಿವರು ಎಲ್ಲ ಒಟ್ಟಿಗೆ ಒಂದೇ ಜೋಡಣೆಯಾಗಿ ಬಂದರೆ ಅದಕ್ಕೆ ಗ್ರೂಪ್‌ಸೆಟ್ ಅನ್ನುತ್ತಾರೆ. ತೀರಾ ಅಗ್ಗದ್ದು ಕೊಳ್ಳುವವರು ತಲೆ ಕೆಡಿಸಿಕೊಳ್ಳುವುದಿಲ್ಲ, ತೀರಾ ದುಬಾರಿಯದು ಕೊಳ್ಳುವವರು ಯಾರನ್ನೂ ಕೇಳುವುದಿಲ್ಲ. ನಮ್ಮ ತಲೆ ತಿನ್ನುವವರೆಲ್ಲ ನಡುವಿನ ದರ್ಜೆಯವರು. ಅಲ್ಲಿ ಎರಡು ಬಗೆ. ಒಂದರಲ್ಲಿ ಲಿವರ್ ಒತ್ತಿದರೆ ಒಳಗಿನ ಉಕ್ಕಿನ ತಂತಿ ಎಳೆದು ಗೇರು ಬದಲಾಗುತ್ತದೆ. ಇನ್ನೊಂದರಲ್ಲಿ ಬಟನ್ ಮುಟ್ಟಿದರೆ ಸಾಕು, ಬ್ಯಾಟರಿಯೇ ಬದಲಿಸುತ್ತದೆ. ನಮ್ಮವರು ತಂತಿಯ ಪಕ್ಷ.

"ಬ್ಯಾಟರಿ ನಡುದಾರೀಲಿ ಸತ್ರೆ ಸೈಕಲ್ನ ಹೊತ್ಕೊಂಡು ಬರ್ತೀರಾ? ತಂತಿ ಹಾಗಲ್ಲ ಸ್ವಾಮಿ, ಹೋಗೋ ಮುಂಚೆ ಹೇಳಿ ಹೋಗುತ್ತೆ. ಗೇರು ತಡವರಿಸ್ತಿದೆ ಅಂದ್ರೆ ಲಿವರ್ ಒಳಗೆ ಬಾಗೋ ಜಾಗದಲ್ಲಿ ಒಂದೊಂದೇ ಎಳೆ ಕಿತ್ತು ಬರ್ತಿದೆ ಅಂತ ಅರ್ಥ. ಬಿಚ್ಚಿ ನೋಡ್ಬೇಕು, ಅಷ್ಟೇ."

ಬಿಚ್ಚಿ ನೋಡದೆ ಓಡಿಸಿಕೊಂಡು ಬಂದವರ ಜನ್ಮ ಜಾಲಾಡಿ ಕಳಿಸುತ್ತಿದ್ದರು. ಬೈಸಿಕೊಂಡವರೇ ಮತ್ತೆ ಬರುತ್ತಿದ್ದರು, ಅದು ಬೇರೆ ಮಾತು.

ನಮ್ಮ ಒಬ್ಬಳೇ ಮಗಳಿಗೆ ರಾಜ್ಯದ ಕಿರಿಯರ ಸೈಕಲ್ ತಂಡಕ್ಕೆ ಸೇರಲು ಇದೇ ಕೊನೆಯ ವರ್ಷವಾಗಿತ್ತು. ಮುಂದಿನ ಬಾರಿಗೆ ವಯಸ್ಸು ಮೀರುತ್ತದೆ. ಗುಡ್ಡದ ರಸ್ತೆಯ ಒಂದೇ ರೇಸು, ಮೊದಲು ಬಂದ ಮೂವರಿಗೆ ಜಾಗ. ಬಟನ್ ಗೇರು ಬೇಕು ಅಂತ ಅವಳು ಅಪ್ಪನನ್ನು ಕೇಳಿದ್ದಳು.

"ತಂತಿ ಮೇಷ್ಟ್ರ ಮಗಳ ಸೈಕಲ್ಲಿಗೆ ಬ್ಯಾಟರಿ ಹಾಕಿದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ?" ಅಂದರು.

ಸರಿ, ಅವಳು ಸುಮ್ಮನಾದಳು. ದಿನಾ ಬೆಳಗ್ಗೆ ಎದ್ದು ತಂತಿ ಗೇರಿನಲ್ಲೇ ಗುಡ್ಡ ಹತ್ತಿದಳು, ಚೆನ್ನಾಗಿಯೇ ಹತ್ತಿದಳು. ತಂತಿ ಕೆಟ್ಟದ್ದು ಅಂತ ನಾನು ಇವತ್ತಿಗೂ ಹೇಳುವುದಿಲ್ಲ.

ರೇಸಿಗೆ ಕೆಲವು ದಿನ ಮುಂಚೆ ಅವಳು ಅಂಗಡಿಗೆ ಬಂದು, "ಅಪ್ಪ, ಹಿಂದಿನ ಗೇರು ಯಾಕೋ ತಡವರಿಸ್ತಿದೆ, ನೋಡು," ಅಂದಳು. ಇವರು ಆಗ ಒಬ್ಬ ಗಿರಾಕಿಗೆ ಇದೇ ಪಾಠ ಹೇಳುತ್ತಿದ್ದರು. ಮಾತು ನಿಲ್ಲಿಸದೆಯೇ ಕೈ ಚಾಚಿ, ಹಿಂದಿನ ಗೇರಿನ ಪುಟ್ಟ ಸ್ಕ್ರೂ ಒಂದಿಷ್ಟು ತಿರುಗಿಸಿ, "ಆಯ್ತು, ಹೋಗು," ಅಂದರು. ಟೀ ಲೋಟ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ. ಲಿವರ್ ಕಡೆ ಅವರ ಕಣ್ಣೂ ಹೊರಳಲಿಲ್ಲ.

ರೇಸಿನ ದಿನ ಕೊನೆಯ ಏರಿನ ತಿರುವಿನಲ್ಲಿ ನಾವಿಬ್ಬರೂ ಕಾಯುತ್ತಿದ್ದೆವು. ಅವಳು ಎರಡನೆಯವಳಾಗಿ ಬಂದಳು. ನಮ್ಮ ಮುಂದೆಯೇ ತಂತಿ ಟಪ್ ಅಂದಿತು. ಚೈನು ಹಿಂದಿನ ಅತಿ ಸಣ್ಣ ಹಲ್ಲುಚಕ್ರಕ್ಕೆ ಜಾರಿತು. ಅದು ಇಳಿಜಾರಿನಲ್ಲಿ ತುಳಿಯುವ ಗೇರು. ಏರಿನಲ್ಲಿ ಅದನ್ನು ತುಳಿಯುವುದೆಂದರೆ ಗೋಡೆ ತಳ್ಳಿದ ಹಾಗೆ. ಮಗು ಎದ್ದು ನಿಂತು, ಇಡೀ ಮೈಭಾರ ಹಾಕಿ ತುಳಿದಳು. ರಸ್ತೆಯ ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ವಾಲಾಡಿದಳು. ಹಿಂದಿದ್ದವರು ಒಬ್ಬೊಬ್ಬರಾಗಿ ದಾಟಿ ಹೋದರು. ಇಳಿಯಲಿಲ್ಲ ನನ್ನ ಮಗಳು. ಐದನೆಯವಳಾಗಿ ಗೆರೆ ಮುಟ್ಟಿದಳು.

ಇವರು ಓಡಿಹೋಗಿ ಮೊದಲು ಹಿಡಿದದ್ದು ಲಿವರನ್ನು, ಅವಳನ್ನಲ್ಲ. ಅದರ ಮೇಲಿನ ರಬ್ಬರ್ ಹೊದಿಕೆ ಮಡಚಿ ಬೆರಳು ಹಾಕಿದರೆ ತಂತಿಯ ತುಂಡು ತುಂಡು ಎಳೆಗಳು ಉದುರಿದವು.

"ಹೇಳಿ ಹೋಗುತ್ತೆ ಅಂತಿದ್ರಲ್ಲ?" ನಾನು ಜನರ ಎದುರೇ ಕೇಳಿದೆ. "ತಂತಿನೂ ಹೇಳ್ತು, ಮಗಳೂ ಹೇಳಿದ್ಲು. ನಿಮ್ಮ ಬಾಯಿ ಬಿಡುವು ಕೊಟ್ಟಿದ್ರೆ ತಾನೇ ಕಿವಿಗೆ ಬೀಳೋದು? ಕಂಡವರ ಸೈಕಲ್ಲೆಲ್ಲ ಬಿಚ್ಚಿದ್ರಿ, ಇವಳದ್ದು ಬಿಚ್ಚೋಕೆ ನಿಮ್ಗೇನು ದಾಡಿ ಬಂದಿತ್ತು?"

ಮಗಳು ಅಳಲೂ ಇಲ್ಲ, ಬೈಯಲೂ ಇಲ್ಲ. ಅತ್ತಿದ್ದರೆ ನನ್ನ ಸಿಟ್ಟು ಸ್ವಲ್ಪ ಇಳಿಯುತ್ತಿತ್ತೇನೋ.

ಮರುದಿನ ಅವಳು ಅಂಗಡಿಯ ನೆಲದ ಮೇಲೆ ಕೂತು ತನ್ನ ಸೈಕಲ್ಲಿಗೆ ತಾನೇ ಹೊಸ ತಂತಿ ಪೋಣಿಸುತ್ತಿದ್ದಳು. ಇವರು ಇಕ್ಕಳ ಹಿಡಿದು ಬಂದು, "ತುದಿ ಕತ್ತರಿಸಿ ಕೊಡ್ಲಾ?" ಅಂದರು.

"ಅಲ್ಲಿಡು ಅಪ್ಪ. ನಾನೇ ಮಾಡ್ಕೋತೀನಿ."

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು, "ಮೇಷ್ಟ್ರೇ, ಮಧ್ಯಮ ದರ್ಜೆದು ತಗೋಬೇಕು ಅಂತಿದೀನಿ. ತಂತಿದು ಒಳ್ಳೇದಾ, ಬ್ಯಾಟರಿದಾ?" ಅಂದ.

ಇವರ ಬಾಯಿ ಅಭ್ಯಾಸಬಲದಿಂದ ತೆರೆಯಿತು. "ತಂತಿ..." ಅಂದವರು ಅಲ್ಲೇ ಮಾತು ನಿಲ್ಲಿಸಿದರು.

ಮಗಳು ತಲೆ ಎತ್ತಲಿಲ್ಲ. "ಹೇಳಪ್ಪ," ಅಂದಳು. "ನಾನೂ ಕೇಳಿಸ್ಕೋತೀನಿ."

ಗಿರಾಕಿ ಅವರ ಮುಖ ನೋಡುತ್ತ ಕಾದ. ಇವರು ಇಕ್ಕಳವನ್ನು ಮಗಳ ಪಕ್ಕ ಇಟ್ಟು, ತಾವೂ ನೆಲದ ಮೇಲೆ ಕೂತರು.