ಗುಡ್ಡೇಕೇರಿಗೆ ನೀರು ಹತ್ತಿಸಿದ ಮಾದೇವ

ಹಲಸಿನಕೊಪ್ಪದ ನಕ್ಷೆ ಪಟ್ಟಣ ಪಂಚಾಯತಿ ಕಚೇರಿಯ ಗೋಡೆಯ ಮೇಲೊಂದಿದೆ, ಮಾದೇವ ನಾಯ್ಕನ ಕಾಲಿನಲ್ಲೊಂದಿದೆ. ಗೋಡೆಯ ಮೇಲಿನದರಲ್ಲಿ ಹನ್ನೊಂದು ವಾರ್ಡಿಗೆ ಹನ್ನೊಂದು ಬಣ್ಣ ಬಳಿದಿದ್ದಾರೆ. ಊರೆಲ್ಲ ಲಟ್ಟಿಸಿದ ಚಪಾತಿಯ ಹಾಗೆ ಸಪಾಟು. ನಿಜವಾದ ಹಲಸಿನಕೊಪ್ಪದಲ್ಲಿ ಸಪಾಟು ಜಾಗ ಅಂತ ಇರುವುದು ಬಸ್‌ಸ್ಟ್ಯಾಂಡು ಮತ್ತು ಹೈಸ್ಕೂಲಿನ ಮೈದಾನ, ಎರಡೇ. ಉಳಿದದ್ದೆಲ್ಲ ಏರು, ಇಲ್ಲವೇ ಇಳಿಜಾರು. ಸಿರ್ಸಿಯಿಂದ ಸಿದ್ದಾಪುರಕ್ಕೆ ಹೋಗುವವರು ಬಸ್ಸಿನಲ್ಲಿ ಒಂದು ಆಕಳಿಕೆ ತೆಗೆದು ಮುಗಿಸುವಷ್ಟರಲ್ಲಿ ಊರು ಹಿಂದೆ ಬಿದ್ದಿರುತ್ತದೆ. ಅದೇ ಊರನ್ನು ನೀರು ದಾಟಬೇಕಾದರೆ ಒಂದೂವರೆ ತಾಸು. ಆ ನೀರಿನ ಜೊತೆ ಮೂವತ್ತೊಂದು ವರ್ಷ ನಡೆದವನು ಮಾದೇವ. ಪಂಚಾಯತಿಯ ನೀರು ಬಿಡುವವ.

ಊರಿನ ಚರಿತ್ರೆಯೂ ದೊಡ್ಡದೇನಲ್ಲ. ಮುಂಬೈ ಸರಕಾರದ ಕಾಲದಲ್ಲಿ ಸಾಹೇಬರು ಬಂದರೆ ಉಳಿಯಲಿ ಅಂತ ಗುಡ್ಡದ ಮೇಲೊಂದು ಬಂಗಲೆ ಕಟ್ಟಿಸಿದರು. ಸಾಹೇಬರಿಗೆ ಹಾಲು, ಕೋಳಿ, ಅವರ ಕುದುರೆಗೆ ಹುಲ್ಲು ಒದಗಿಸಲು ಬಂದವರು ಅಲ್ಲೇ ಬೇರುಬಿಟ್ಟು ಪೇಟೆಕೇರಿಯಾಯಿತು. ಸಾಹೇಬರು ಹೋದರು, ಬಂಗಲೆ ಕುಸಿಯಿತು, ಅದೇ ಜಾಗದಲ್ಲಿ ನೀರಿನ ಟ್ಯಾಂಕು ಎದ್ದಿತು. ಟ್ಯಾಂಕಿನ ಕೆಳಗೆ ಪೇಟೆಕೇರಿ, ಅದಕ್ಕೂ ಕೆಳಗೆ ಮಾದೇವನ ಮನೆಯಿರುವ ಹೊಳೆಕೇರಿ. ನೀರು ತನ್ನ ಪಾಡಿಗೆ ತಾನು ಇಳಿಯುತ್ತಿತ್ತು, ಯಾರಿಗೂ ತಕರಾರಿರಲಿಲ್ಲ.

ಆಮೇಲೆ ಮನೆಯಿಲ್ಲದವರಿಗೆ ನಿವೇಶನ ಹಂಚುವ ಯೋಜನೆ ಬಂತು. ಖಾಲಿಯಿದ್ದದ್ದು ಎದುರು ಗುಡ್ಡದ ನೆತ್ತಿಯೊಂದೇ. ಅಲ್ಲಿ ಇಪ್ಪತ್ತಾರು ಮನೆಗಳ ಗುಡ್ಡೇಕೇರಿ ಹುಟ್ಟಿತು. ಟ್ಯಾಂಕಿನ ತಳಕ್ಕೂ ಗುಡ್ಡೇಕೇರಿಯ ನಲ್ಲಿಗೂ ಹೆಚ್ಚುಕಡಿಮೆ ಒಂದೇ ಎತ್ತರ. ಪೈಪು ಹೋಯಿತು, ನಲ್ಲಿ ಕೂತಿತು, ಉದ್ಘಾಟನೆಯ ಫೋಟೋ ಪೇಪರಿನಲ್ಲೂ ಬಂತು. ನೀರೊಂದು ಬರಲಿಲ್ಲ.

ಗುಡ್ಡೇಕೇರಿಯ ಹೆಂಗಸರು ದಿನಾ ಬೆಳಗ್ಗೆ ಹೊಳೆಕೇರಿಯ ಬಾವಿಗೆ ಇಳಿದು, ಕೊಡ ಹೊತ್ತು ಹತ್ತುತ್ತಿದ್ದರು. ದಾರಿ ಇದ್ದದ್ದು ರಸ್ತೆಯ ತಿರುವಿನಲ್ಲಿ ಮಾದೇವ ನೀರು ಬಿಡುವ ವಾಲ್ವಿನ ಗುಂಡಿಯ ಪಕ್ಕದಲ್ಲೇ. ಒಂದು ದಿನ ವೆಂಕಮ್ಮ ಎಂಬಾಕೆ ಗುಂಡಿಯ ಕಟ್ಟೆಯ ಮೇಲೆ ಕೊಡ ಇಳಿಸಿ ಸುಧಾರಿಸಿಕೊಳ್ಳುತ್ತ ಮಾದೇವನನ್ನು ನೋಡಿದಳು.

"ತಮಾ, ನಿನ್ನ ನೀರಿಗೆ ಗುಡ್ಡ ಹತ್ತಲಿಕ್ಕೆ ಬರೂದಿಲ್ಲನಾ? ಮಂಡಿನೋವು ಇಟ್ಕಂಡು ನಾ ಹತ್ತತೆ ನೋಡು."

ಅವಳು ಬೈಯಲಿಲ್ಲ. ಬೈದಿದ್ದರೆ ಮಾದೇವ ಎರಡು ಮಾತು ತಿರುಗಿ ಆಡಿ ಅಲ್ಲಿಗೇ ಮರೆಯುತ್ತಿದ್ದ. ಆ ದಿನ ಮಾತ್ರ ಅವನಿಗೆ ನಾಚಿಕೆಯಾಗಿತ್ತು.

ಹದಿನೈದು ದಿನ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಹೊತ್ತು ಈ ವಾಲ್ವು ಬಂದ್ ಮಾಡಿ, ಆ ವಾಲ್ವು ಬಿಟ್ಟು, ಕಡೆಗೆ ಉಪಾಯ ಕಂಡುಕೊಂಡ. ಪೇಟೆಕೇರಿ, ಹೊಳೆಕೇರಿ ಎರಡನ್ನೂ ಇಪ್ಪತ್ತೈದು ನಿಮಿಷ ಬಂದ್ ಮಾಡಿದರೆ ನೀರಿಗೆ ಬೇರೆ ದಾರಿಯಿಲ್ಲ, ಗುಡ್ಡ ಹತ್ತುತ್ತದೆ. ಆದರೆ ಹೊತ್ತು ನೋಡಿ ಮಾಡಬೇಕು. ಬೇಗ ಬಂದ್ ಮಾಡಿದರೆ ಕೆಳಗಿನವರು ಹರತಾಳ ಹೂಡುತ್ತಾರೆ. ತಡವಾದರೆ ಟ್ಯಾಂಕು ಇಳಿದಿರುತ್ತದೆ, ನೀರು ಅರ್ಧ ಗುಡ್ಡದಲ್ಲೇ ನಿಲ್ಲುತ್ತದೆ. ಮಾದೇವ ವಾಚು ಕಟ್ಟುವವನಲ್ಲ. ಬೆಳಗ್ಗೆ ಆರರ ಸಿರ್ಸಿ ಬಸ್ಸು ತಿರುವಿನಲ್ಲಿ ಗೇರು ಬದಲಿಸಿ ಏರು ಹತ್ತುವುದೇ ಅವನ ಗಡಿಯಾರವಾಯಿತು.

ಇದು ಯಾವ ರಿಜಿಸ್ಟರಿನಲ್ಲೂ ಇಲ್ಲ. ಅಲ್ಲಿರುವುದು "ಎಲ್ಲ ವಾರ್ಡುಗಳಿಗೆ ಐದೂವರೆಯಿಂದ ಏಳು" ಎಂಬ ಒಂದೇ ಸಾಲು. ನಡುವೆ ನಲ್ಲಿ ನಿಂತದ್ದಕ್ಕೆ ಕೇಳಿದವರಿಗೆಲ್ಲ ಮಾದೇವ, "ಪೈಪಲ್ಲಿ ಗಾಳಿ ತುಂಬ್ಕಂಡದೆ" ಅನ್ನುತ್ತಿದ್ದ. ಇಪ್ಪತ್ತೆರಡು ವರ್ಷ ಅದೇ ಗಾಳಿ. ಪೇಟೆಕೇರಿಯ ಶಾಂತಾರಾಮ ಭಟ್ಟರು ವಿಜ್ಞಾನದ ಮೇಷ್ಟ್ರಾಗಿದ್ದವರು. ಈ ಗಾಳಿ ದಿನಾ ಆರು ಗಂಟೆಗೇ ಯಾಕೆ ತುಂಬುತ್ತದೆ ಎಂದು ಪಕ್ಕದ ಮನೆಯವರಿಗೆ ಚಿತ್ರ ಬರೆದು ತಿಳಿಸಿಕೊಟ್ಟಿದ್ದರು. ಮಾದೇವ ಹೆಂಡತಿ ಬಂಗಾರಿಗೂ ನಿಜ ಹೇಳಿರಲಿಲ್ಲ. ಅವಳ ಬಾಯಿಗೆ ಬಿದ್ದದ್ದು ಸಂತೆಗೆ ಬಿದ್ದ ಹಾಗೆ ಅಂತ ಅವನ ಹೆದರಿಕೆ. "ಊರಿಗೆಲ್ಲ ನೀರು ಬಿಡೋರ ಮನೆ ನಲ್ಲೀಲೇ ಗಾಳಿ!" ಎಂದು ಅವಳು ದಿನಾ ಗೊಣಗುವುದು, ಇವನು ಕಿವಿ ಕೇಳದವರ ಹಾಗೆ ಚಾ ಕುಡಿಯುವುದು.

ಈ ಮೇ ಮೂವತ್ತೊಂದಕ್ಕೆ ಮಾದೇವನಿಗೆ ನಿವೃತ್ತಿ. ಅವನ ಜಾಗಕ್ಕೆ ಬಂದವಳು ಗೀತಾ. ಬನವಾಸಿ ಕಡೆಯ ಹುಡುಗಿ, ಪೇಟೆಕೇರಿಗೆ ಮದುವೆಯಾಗಿ ಬಂದವಳು. ಕೆಲಸ ಗುತ್ತಿಗೆಯದು. ಮಾದೇವ ಅವಳನ್ನು ಒಂದು ತಿಂಗಳು ಉಳಿದ ಕೆಲಸಗಳಿಗೆ ಜೊತೆಗೆ ಓಡಾಡಿಸಿ, ಕಡೆಯ ವಾರದಲ್ಲಿ ಗುಡ್ಡೇಕೇರಿಯ ಗುಟ್ಟು ಬಿಚ್ಚಿದ.

"ಬಸ್ಸು ಹೋಗೂ ತನಕ ಕೀಲಿ ಮುಟ್ಟೂಕಾಗ, ತಿಳೀತಾ? ಬಸ್ಸು ಏರು ಹತ್ತಿದ ಕೂಡ್ಲೆ ಎರಡೂ ಬಂದ್."

"ಮಂದಿ ಬೈತಾರಲ್ರಿ ಕಾಕಾ?"

"ಬೈತ್ರು. ನಂಗೆ ಇಷ್ಟು ವರ್ಷ ಬೈದ್ರು."

ಗೀತಾ ಕೀಲಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದಳು, ಅಷ್ಟೆ. ಮಾದೇವನ ನಿದ್ದೆ ಕೆಡಿಸಿದ್ದು ಅದೇ. ಗುತ್ತಿಗೆಯವಳು, ರಿಜಿಸ್ಟರಿನಲ್ಲಿಲ್ಲದ ಕೆಲಸಕ್ಕೆ ಊರವರ ಬೈಗುಳ ಯಾಕೆ ತಿನ್ನುತ್ತಾಳೆ? ಅವಳು ಬಿಟ್ಟರೆ ಎಪ್ಪತ್ತು ದಾಟಿದ ವೆಂಕಮ್ಮ ಮತ್ತೆ ಬಾವಿಗೆ ಇಳಿಯಬೇಕು. ಒತ್ತಾಯ ಮಾಡಲು ಇವನಿಗೆ ಇನ್ನು ಅಧಿಕಾರವಿಲ್ಲ.

ಶನಿವಾರ ಕಚೇರಿಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಭಟ್ಟರು ಮೈಕಿನಲ್ಲಿ ಹೊಗಳಿದ್ದು ಸಾಲದೆ ಕೆಳಗಿಳಿದು ಅವನ ಕೈ ಹಿಡಿದುಕೊಂಡು, "ನೀ ಹೋದ್ಮೇಲೆ ಯಂಗ್ಳ ಗತಿ ಎಂತದಾ ಮಾರಾಯಾ?" ಅಂದರು. ಮಾದೇವನ ಕಣ್ಣು ಕೊನೆಯ ಸಾಲಿನಲ್ಲಿ ಕೂತ ಗೀತಾಳ ಮೇಲಿತ್ತು. ಅವಳು ಕೇಸರಿಬಾತು ತಿನ್ನುತ್ತಿದ್ದಳು.

ಮರುದಿನ ಐದಕ್ಕೇ ಎಚ್ಚರವಾಯಿತು. ಮಾದೇವ ಬಚ್ಚಲ ನಲ್ಲಿಯ ಎದುರು ಮಣೆ ಹಾಕಿಕೊಂಡು ಕೂತ. ಐದೂವರೆಗೆ ನೀರು ಬಂತು. ಗೋಡೆಯ ಗಡಿಯಾರದಲ್ಲಿ ಆರಾಯಿತು. ನೀರು ನಿಲ್ಲಲಿಲ್ಲ. ಆರೂ ಐದು, ಆರೂ ಹತ್ತು. ನಲ್ಲಿ ಭೋರೆಂದು ಸುರಿಯುತ್ತಲೇ ಇತ್ತು.

ಬಂಗಾರಿಯ ಸಂಭ್ರಮ ಹೇಳತೀರದು. "ನೋಡಿ, ನೀವು ರಿಟೈರ್ ಆದದ್ದೇ ಗಾಳಿ ಹೋತು!" ಎನ್ನುತ್ತ ಹಂಡೆ, ಡ್ರಮ್ಮು, ಕಡೆಗೆ ಇಡ್ಲಿ ಪಾತ್ರೆಯನ್ನೂ ತುಂಬಿಸಿದಳು. ಮಾದೇವನಿಗೆ ಅಳು ಬರುವಂತಾಯಿತು. ಇಪ್ಪತ್ತೆರಡು ವರ್ಷದ ಕೆಲಸ ಒಂದೇ ಬೆಳಗಿನಲ್ಲಿ ನೀರುಪಾಲು. ಅಂಗಿಯ ಗುಂಡಿ ಮೇಲೆಕೆಳಗೆ ಹಾಕಿಕೊಂಡು ತಿರುವಿನತ್ತ ಓಡಿದ.

ಗೀತಾ ವಾಲ್ವಿನ ಗುಂಡಿಯಲ್ಲೇ ಇದ್ದಳು. ಕೀಲಿ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ರಸ್ತೆಯನ್ನೇ ನೋಡುತ್ತ ನಿಂತಿದ್ದಳು. ಹಣೆಯ ಮೇಲೆ ಬೆವರು.

"ಕಾಕಾ, ಬಸ್ಸ ಬಂದಿಲ್ರಿ! ಬಸ್ಸ ಹೋಗೂತನಕಾ ಮುಟ್ಟಬ್ಯಾಡ ಅಂದಿದ್ರಲ್ರಿ. ಕಾಯಾಕತ್ತೀನಿ, ಕಾಯಾಕತ್ತೀನಿ…"

ಮಾದೇವ ಹಣೆ ಚಚ್ಚಿಕೊಂಡ. "ಅಯ್ಯೋ ಮಾರಾಯ್ತಿ, ಇವತ್ತು ಆಯ್ತವಾರ!"

ಭಾನುವಾರ ಆ ಬಸ್ಸಿಗೆ ರಜೆ. ಇಷ್ಟು ವರ್ಷಗಳ ಭಾನುವಾರಗಳಲ್ಲಿ ಅವನ ಕೈ ತಾನಾಗಿ ಹೊತ್ತಿಗೆ ಸರಿಯಾಗಿ ತಿರುಗಿತ್ತು. ಬಸ್ಸು ಬಾರದ್ದು ಅವನ ಗಮನಕ್ಕೇ ಬಂದಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಅವನು ಕೀಲಿಗೆ ಕೈ ಹಾಕಿದ. ಗೀತಾ ಬಿಡಲಿಲ್ಲ.

"ಬಾಜೂ ಸರೀರಿ ಕಾಕಾ. ನನ್ನ ಡ್ಯೂಟಿ ಐತಿ."

ಎರಡೂ ವಾಲ್ವು ತಿರುಗಿಸಿ ಬಂದ್ ಮಾಡಿದಳು. ಇಬ್ಬರೂ ಎದುರು ಗುಡ್ಡ ನೋಡುತ್ತ ನಿಂತರು. ಕಾಲು ತಾಸು ತಡವಾಗಿತ್ತು. ಟ್ಯಾಂಕಿನಲ್ಲಿ ಸಾಕಷ್ಟು ಉಳಿದಿದೆಯೋ ಇಲ್ಲವೋ ಮಾದೇವನಿಗೂ ಗೊತ್ತಿಲ್ಲ. ಮೇಲೆ ಮೊದಲ ಮನೆಯ ನಲ್ಲಿಯ ಹತ್ತಿರ ನಾಲ್ಕು ಸೀರೆ, ನಾಲ್ಕು ಕೊಡ ಕಾಣುತ್ತಿದ್ದವು.

ಫೋನು ಹೊಡೆದುಕೊಂಡಿತು. ಬಂಗಾರಿ.

"ನೀರು ನಿಂತೋತು! ಬಟ್ಟೆಗೆಲ್ಲ ಸೋಪು ಹಾಕ್ಕಂಡು ಕೂತಿದ್ದೆ ನಾನು!"

ಸುಳ್ಳು ಹೇಳುವ ಕೆಲಸದಿಂದಲೂ ಈಗ ನಿವೃತ್ತಿಯಾಗಿತ್ತು. "ನಿಲ್ಸಿದ್ದು ನಾವೇ, ಬಂಗಾರಿ," ಅಂದ ಮಾದೇವ. "ಗುಡ್ಡೇಕೇರಿಗೆ ಹತ್ತಬೇಕಂದ್ರೆ ನಮ್ಮದು ನಿಲ್ಲಬೇಕು. ದಿನಾ ನಿಲ್ಸತಿದ್ದೆ. ವೆಂಕಮ್ಮ ಕೊಡ ಹೊರೂದು ನೋಡೂಕಾಗ್ಲಿಲ್ಲ."

ಮಾದೇವ ಬೈಗುಳಕ್ಕೆ ಕಿವಿಯೊಡ್ಡಿ ಕಾದ.

"ಬಂತಾ ಮೇಲೆ?" ಎಂದು ಕೇಳಿದಳು ಅವಳು.

ಗುಡ್ಡದ ಮೇಲೆ ಒಂದು ಸೀರೆ ಬಗ್ಗಿ ಕೊಡವನ್ನು ನಲ್ಲಿಯ ಕೆಳಗೆ ಇಟ್ಟಿತು. ಮಾದೇವ ಫೋನನ್ನು ಗೀತಾಳ ಕೈಗೆ ಕೊಟ್ಟ.

"ಬಂತ್ರಿ ಅಕ್ಕಾ," ಅಂದಳು ಗೀತಾ, "ಬಂತು."